ಬೀಗ ಹಾಕಿದ ಮನೆಯ ಯಜಮಾನಿ

ಕಚೇರಿ ಮುಗಿದರೂ ಮಳೆ ಮುಗಿಯಲಿಲ್ಲ. ಕರೆಂಟು ಬೇರೆ ಹೋಗಿತ್ತು. ವಿಮಾ ಕಚೇರಿಯ ನಾವು ನಾಲ್ವರು ಗುಮಾಸ್ತರು ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕುಳಿತೆವು. ಪಿಂಚಣಿ ಕಾಗದಕ್ಕೆ ಸಹಿ ಹಾಕಲು ಬಂದಿದ್ದ ಸರ್ವೇಯರ್ ತಾತನೂ ನಮ್ಮೊಂದಿಗೆ ಸಿಕ್ಕಿಕೊಂಡಿದ್ದರು. ನಷ್ಟವಾದ ಮನೆಗಳನ್ನು ನೋಡಿ ವರದಿ ಬರೆಯುವುದರಲ್ಲೇ ಅವರ ಆಯಸ್ಸು ಕಳೆದಿತ್ತು.

"ಕಣ್ಣಾರೆ ಕಂಡದ್ದನ್ನ ಮಾತ್ರ ಬರೀತಿದ್ರಂತೆ, ಹೌದಾ ತಾತ?" ಎಂದು ನಮ್ಮಲ್ಲೊಬ್ಬಳು ಕೆಣಕಿದಳು.

"ಹೂಂ ಕಣಮ್ಮ... ಅದೇ ಅಲ್ವಾ ಫಜೀತಿ ಆಗಿದ್ದು! ಒಬ್ಬಳು ಟೈಲರಮ್ಮ ಇದ್ದಳು. ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು, ಮೂರು ಹೊಲಿಗೆ ಮಿಷನ್ನು, ಅಷ್ಟೇ ಅವಳ ಬದುಕು. ಮನೆ ರಿಪೇರಿಗೆ ಅಂತ ಮುಂದಿನ ಸೂರು ಬಿಚ್ಚಿಸಿ, ಸಾಮಾನೆಲ್ಲ ಹಿಂದಿನ ರೂಮಿಗೆ ತುಂಬಿ, ಅದಕ್ಕೆ ನಮ್ಮಲ್ಲಿ ವಿಮೆ ಮಾಡಿಸಿ, ಮಕ್ಕಳ ಜೊತೆ ಅಕ್ಕನ ಮನೆಗೆ ಹೋದಳು. ಜನ ಇಲ್ಲದ ಮನೆ ಅಲ್ವಾ, ಒಂದು ಷರತ್ತು ಇತ್ತು... ಮನೆಯವರು ಯಾರಾದ್ರೂ ದಿನಾ ಬಂದು ನೋಡ್ಕೋಬೇಕು. ಬರ್ತಾನೇ ಇದ್ದಳು ಪಾಪ, ಜಾರಿ ಬಿದ್ದು ಕಾಲು ಮುರ್ಕೊಂಡಳು. ಮೂರು ವಾರ ಆ ಕಡೆ ತಲೆ ಹಾಕೋಕಾಗ್ಲಿಲ್ಲ. ಅದೇ ಹೊತ್ತಿಗೆ ಗಾಳಿಮಳೆಗೆ ಹಿಂದಿನ ಗೋಡೆ ಕುಸೀಬೇಕಾ?

ಪರಿಹಾರಕ್ಕೆ ಅರ್ಜಿ ಹಾಕಿದಳು. ಷರತ್ತು ಮುರಿದಿದೆ, ತಳ್ಳಿಹಾಕೋದೇ ಅಂತ ಮನಸ್ಸಲ್ಲೇ ತೀರ್ಮಾನ ಮಾಡ್ಕೊಂಡು ಹೋದೆ. ಮಟಮಟ ಮಧ್ಯಾಹ್ನ. ಮುಂದುಗಡೆ ಮೇಸ್ತ್ರಿ ಕೆಲಸ ಮಾಡ್ತಿದ್ದ. ಹಿಂದಿನ ರೂಮಲ್ಲಿ ಒಬ್ಬರು ಅಜ್ಜಿ... 'ನೋಡ್ಕೊಂಡು ಬಾರಪ್ಪ, ಗಾಜಿದೆ' ಅಂದ್ರು. ಒಂದು ಮಿಷನ್ನು ಗೋಡೆ ಕೆಳಗೆ ಅಪ್ಪಚ್ಚಿ. ಇನ್ನೆರಡು ನೀರು ಬೀಳದ ಮೂಲೇಲಿ, ಮೇಲೆ ಕಂಬಳಿ ಹೊದ್ದುಕೊಂಡು ಕೂತಿದ್ವು. 'ಎರಡು ಎಳ್ಕೊಂಡೆ, ಮೂರನೇದಕ್ಕೆ ಕೈ ಹಾಕೋಷ್ಟರಲ್ಲಿ ಬಿತ್ತು. ನಾನು ಅವಳ ಅತ್ತೆ. ದಿನಾ ನಾನೇ ನೋಡ್ಕೋತಿದೀನಿ, ಬರ್ಕೋ' ಅಂದ್ರು. ಬರ್ಕೊಂಡೆ.

ಸಹಿಗೆ ಅಂತ ಟೈಲರಮ್ಮನ ಹತ್ರ ಹೋದ್ರೆ, ಓದಿ ಬಿಳಿಚ್ಕೊಂಡಳು. 'ಅತ್ತೆ ತೀರ್ಕೊಂಡು ಎರಡು ವರ್ಷ ಆಯ್ತು ಸಾರ್. ಇದನ್ನ ಹೊಡೆದುಹಾಕಿ. ಸುಳ್ಳು ಹೇಳಿ ಒಂದೆಳೆ ದಾರಾನೂ ನಂಗೆ ಬೇಡ.'

ಆ ಮನೆಗೇ ವಾಪಸ್ ಓಡಿದೆ. ಮೇಸ್ತ್ರಿ ಏನಂದ ಗೊತ್ತಾ? 'ಆ ಅಜ್ಜೀನಾ? ದಿನಾ ಬೈತಾರೆ ಸಾರ್, ಬಟ್ಟೆ ಇರೋ ರೂಮ್ ಹತ್ರ ಸಿಗರೇಟು ಸೇದ್ತೀಯಾ ಅಂತ!'

ನೀವಾದ್ರೆ ಏನು ಮಾಡ್ತಿದ್ರಿ? ನಾನು ಹೊಡೆದುಹಾಕ್ಲಿಲ್ಲ. ಸೊಸೆ ಹೇಳಿದ್ದೂ ಬರೆದೆ, ಮೇಸ್ತ್ರಿ ಹೇಳಿದ್ದೂ ಬರೆದೆ. ಮ್ಯಾನೇಜರ್ ಬಿದ್ದು ಬಿದ್ದು ನಕ್ಕು, ತಾವೇ ನೋಡೋಕೆ ಹೋದ್ರು. ಬಂದವರೇ ಮಂಜೂರು ಮಾಡಿದ್ರು. ಆಮೇಲೆ ಗುಟ್ಟಾಗಿ ಹೇಳಿದ್ರು... 'ಕಂಬಳಿ ಎತ್ತೋಕೆ ಹೋದೆ ಕಣಯ್ಯ, ಕೈ ಮೇಲೆ ಫಟ್ ಅಂತ ಏಟು ಬಿತ್ತು!'

ಹೊಸ ಮಿಷನ್ನು ಬಂತು, ಮನೆ ಎದ್ದು ನಿಂತಿತು. ಈಗ ಅಲ್ಲಿ ಎಂಟು ಜನ ಹೆಂಗಸರು ಹೊಲೀತಾರೆ. ಕಿರಿ ಮಗಳದ್ದೇ ಯಜಮಾನಿಕೆ.

ಮೊನ್ನೆ ಅಂಗಿ ತೋಳು ಚಿಕ್ಕದು ಮಾಡಿಸೋಕೆ ಹೋಗಿದ್ದೆ. ಬಾಗಿಲಿಗೆ ಬೀಗ. ಎಲ್ಲ ಎರಡು ದಿನಕ್ಕೆ ಊರಿಗೆ ಹೋಗಿದ್ರಂತೆ. ತಿರುಗಿ ಹೊರಟೆ ನೋಡಿ... ಒಳಗೆ ಟಕಟಕಟಕ ಅಂತ ಮಿಷನ್ನು. ನಿಂತಿತು. ಅದೇ ಅಜ್ಜಿ ದನಿ... 'ಅಂಗಿ ಚಿಲಕಕ್ಕೆ ಸಿಗಿಸಿ ಹೋಗಪ್ಪ, ನಾಳೆ ಬಾ.'

ಮಾರನೇ ದಿನ ಹೋದೆ. ಬೀಗ ಹಾಗೇ ಇತ್ತು. ಅಂಗಿ ಮಡಚಿ ಹೊಸಿಲ ಮೇಲಿತ್ತು."

ತಾತ ತೋಳು ಚಾಚಿದರು. "ಇದೇ. ಎಷ್ಟು ಸಣ್ಣ ಹೊಲಿಗೆ ನೋಡಿ... ಮುಟ್ಟಿ, ಏನೂ ಆಗಲ್ಲ."