ಮೇಲೇಳದ ತಣ್ಣೀರು

"ಏನು ಧಾಡಿ ಈ ಸಮುದ್ರಕ್ಕೆ? ಬಲೆಗೆ ಮೀನೇ ಬೀಳ್ತಿಲ್ಲ."

ಬಸ್ಸಿನ ಸಾಲಿನಲ್ಲಿ ನನ್ನ ಮುಂದಿದ್ದ ದೋಣಿಯವನು ಯಾರನ್ನೂ ನೋಡದೆ ಕೇಳಿದ. ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ ಪದ್ಯ ಅರ್ಧಕ್ಕೆ ನಿಂತಿತು. ಉತ್ತರ ಕೊಟ್ಟವಳು ಪಕ್ಕದಲ್ಲೇ ನಿಂತಿದ್ದ ಅವನ ಅಕ್ಕ. ನಡುಗಡಲ ನೀರನ್ನು ಪರೀಕ್ಷಿಸುವ ಹಡಗಿನಿಂದ ಆಗಷ್ಟೇ ಇಳಿದು ಬಂದಿದ್ದಳು.

"ಕೆಲವು ವರ್ಷ ಗಾಳಿ ಸೋಲುತ್ತೆ ಕಣೋ. ಮೇಲಿನ ನೀರು ಕಾದು ಮುಚ್ಚಳದ ಹಾಗೆ ಕೂತುಬಿಡುತ್ತೆ. ಸತ್ವ ಇರೋ ತಣ್ಣೀರು ಅಡಿಯಲ್ಲೇ ಉಳಿಯುತ್ತೆ."

"ಅದಕ್ಕೆ ಮೀನಿಗೆ ಉಪವಾಸವಾ?"

"ಪಾಚಿಗೇ ಊಟವಿಲ್ಲ, ಮೀನಿಗೆಲ್ಲಿಂದ ಬರಬೇಕು?"

"ಸರಿಹೋಗೋದು ಯಾವಾಗ?"

"ಗಾಳಿ ಮತ್ತೆ ಜೋರಾದಾಗ. ಈ ವರ್ಷ ಅನುಮಾನ."

ಅವನು ಮುಖ ಒರೆಸಿಕೊಂಡ. "ನನ್ನ ದೋಣಿ ಆಳುಗಳು ಬೇರೆ ಕೆಲಸ ಹುಡುಕ್ತಿದಾರೆ. ಮುಂದಿನ ತಿಂಗಳು ಮೀನು ಬರುತ್ತೆ ಅಂತ ಅವರಿಗೊಂದು ಮಾತು ಹೇಳಕ್ಕ. ನೀನಂದ್ರೆ ನಂಬ್ತಾರೆ."

ಬಸ್ಸು ಬಂತು. ಮೆಟ್ಟಿಲು ಹತ್ತುತ್ತಾ ಅವಳೆಂದಳು:

"ನಂಬ್ತಾರಲ್ಲ, ಅದಕ್ಕೇ ಹೇಳಲ್ಲ."