ಮಾಮಾ ಬಿಟ್ಟುಕೊಟ್ಟ ಮೂಲಿ

ಜಾಗಾ ಇಲ್ಲ, ಜಾಗಾ ಇಲ್ಲ ಅಂತ ಬಡಕೋತೀರಲ್ಲ ನೀವು ಈ ಮೆಹದಿಪಟ್ಟಣಂ ಮನ್ಯಾಗ, ಜಾಗಾ ಇಲ್ಲ ಅಂದ್ರ ಏನಂತ ನಾ ಮಾಲೆದಾಗ ನೋಡೀನಿ. ಮಾಲೆ ಅಂದ್ರ ಮಾಲ್ದೀವ್ಸ್ ದೇಶದ ದೊಡ್ಡ ಊರು, ದೊಡ್ಡದಂದ್ರೂ ಏನು, ಇಲ್ಲಿ ಅಬಿಡ್ಸ್‌ದಿಂದ ಕೋಠಿಗೆ ನಡದಷ್ಟು ನಡದ್ರ ಊರು ಮುಗದು ಸಮುದ್ರ ಬರತೈತಿ. ನಿಮ್ಮ ಮುತ್ಯಾ ತೀರಿಕೊಂಡ ಮ್ಯಾಲೆ ನನಗ ಅಲ್ಲಿ ಸಾಲಿ ಕಲಸೂ ನೌಕರಿ ಸಿಕ್ತು. ನಿಮ್ಮವ್ವನ್ನ ಇಲ್ಲೇ ಬಾಲಾನಗರದಾಗ ನಮ್ಮ ಅತ್ತಿ ಕಡೆ ಬಿಟ್ಟು ಹೋದೆ. ಆಗ ಆಕಿಗೆ ಆರು ವರ್ಷ, ಅಲ್ಲಲ್ಲ, ಏಳು ತುಂಬಿತ್ತು.

ನಾ ಬಾಡಿಗಿಗೆ ಇದ್ದದ್ದು ಆಮಿನಾ ಅನ್ನಾಕಿ ಮನ್ಯಾಗ. ಮನಿ ಅಂದ್ರ, ಆಕಿ ಗಂಡ, ಅವನ ಅಣ್ಣತಮ್ಮಂದಿರು ಅಪ್ಪನ ಮನಿಗೆ ಪ್ಲೈವುಡ್ ಹೊಡದು ಹೋಳು ಮಾಡಿಕೊಂಡಿದ್ರು, ಇವರ ಪಾಲಿಗೆ ಎರಡು ಖೋಲಿ. ಒಂದರಾಗ ಗಂಡ ಹೆಂಡತಿ, ಮೂರು ಮಕ್ಕಳು. ಇನ್ನೊಂದರಾಗ ಕಾಟಿನ ಮ್ಯಾಲೆ ನಾನು, ಕಾಟಿಗೂ ಗೋಡಿಗೂ ನಡುವಿನ ಮೂಲ್ಯಾಗ ಆಮಿನಾನ ತಾಯಿ. ಆ ಮುದುಕಿಗೆ ಎಲ್ಲಾರೂ ಮಾಮಾ ಅಂತಿದ್ರು. ನಗಬ್ಯಾಡ್ರಿ, ನಮ್ಮಲ್ಲಿ ಮಾಮಾ ಅಂದ್ರ ಸ್ವಾದರಮಾವ, ಅವರಲ್ಲಿ ಅಜ್ಜಿ. ಆಕಿ ಬ್ಯಾರೆ ಸಣ್ಣ ದ್ವೀಪದಾಕಿ. ಸಮುದ್ರ ಉಕ್ಕಿ ಅಲ್ಲಿ ಬಾವಿಗೋಳೆಲ್ಲಾ ಉಪ್ಪಾಗಿ ಮಂದಿ ಊರೇ ಬಿಟ್ಟು ಬಂದಿದ್ರು. ಸಿನಿಮಾ ನೋಡಿ ನೋಡಿ ಕಲ್ತ ಹಿಂದಿ ಮಾತಾಡ್ತಿದ್ಲು ನನ್ನ ಕೂಡ.

ಒಂದಿನ ಬಾಲಾನಗರದಿಂದ ಫೋನ್ ಬಂತು, ಅತ್ತಿ ತೀರಿಕೊಂಡಾರ, ಹುಡುಗಿ ಬಾಜೂ ಮನಿಯವರ ಕಡೆ ಐತಿ ಅಂತ. ಏನ ಮಾಡ್ಲಿ ಹೇಳ್ರಿ? ಆಮಿನಾನ ಮುಂದ ಕೈ ಮುಗದೆ, “ಮಗಳನ್ನ ಕರಕೊಂಡ ಬರ್ತೀನಿ, ನನ್ನ ಕಾಟಿನ ಮ್ಯಾಲೇ ಮಲಗ್ತಾಳ” ಅಂದೆ. ಆಕಿ ಮೀನ ಹೆಚ್ಚಾಕತ್ತಿದ್ಲು, ತಲಿ ಎತ್ತಲಿಲ್ಲ. “ಮಲಗ್ತಾಳ ಟೀಚರ್, ಖರೆ. ಉಳದ ಹೊತ್ತು ಎಲ್ಲಿ ಕುಂದರ್ತಾಳ? ಎಲ್ಲಿ ಓದ್ತಾಳ?” ಮೂಲ್ಯಾಗಿಂದ ಮಾಮಾ ಅಂದ್ಲು, “ಬಚ್ಚೀ ಕೋ ಲಾವೋ, ಹುಡುಗೀನ್ನ ಕರಕೊಂಡ ಬಾ. ನಾ ಮೆಟ್ಟಿಲ ಕೆಳಗ ಮಲಗ್ತೀನಿ, ಅಲ್ಲಿ ಗಾಳಿ ಬರತೈತಿ.”

ಬ್ಯಾಡ ಅನಬೇಕಿತ್ತು ನಾನು. ಅನಲಿಲ್ಲ, ಹೋಗಿ ನಿಮ್ಮವ್ವನ್ನ ಕರಕೊಂಡ ಬಂದೆ. ಮೆಟ್ಟಿಲ ಕೆಳಗ ಅಂದ್ರ ಓಣಿಗೆ ತೆರದ ಜಾಗಾ, ಮೋಟಾರ್‌ಸೈಕಲ್ ನಿಂದ್ರಸೂದು, ಮಳಿ ಹತ್ತಿದ್ರ ನೀರು ಒಳಗ ಬರತಿತ್ತು. ದಿನಾ ಸಾಲಿಗೆ ಹೋಗೂ ಮುಂದ ಆಕಿ ಕಾಲು ದಾಟಿ ಹೋಗ್ತಿದ್ದೆ. “ಆರಾಮ ಏನು ಮಾಮಾ?” ಅಂದ್ರ ಕೆಮ್ಮಿಕೋತ “ಕೋಯೀ ಬಾತ್ ನಹೀ”, ಏನಿಲ್ಲ ಬಿಡು, ಅಂತಿದ್ಲು. ಚಾದರ ಕೊಟ್ಟೆ, ಔಷಧ ತಂದೆ. ಮೂಲಿ ಮಾತ್ರ ಕೊಡಲಿಲ್ಲ. ಅಲ್ಲಿ ನಿಮ್ಮವ್ವನ ಪುಸ್ತಕ, ಪಾಟಿಚೀಲ ಬಂದು ಕುಂತಿದ್ವು, ಆಕಿ ಅಲ್ಲೇ ಓದಿ ಅಲ್ಲೇ ಗೋಡಿಗೆ ಹತ್ತಿ ಮಲಗ್ತಿದ್ಲು. ಆಮಿನಾ ಒಮ್ಮೆ ಕೇಳಿದ್ಲು, “ಟೀಚರ್, ನಮ್ಮವ್ವನ್ನ ಒಳಗ ತರೋಣೇನು?” ನಾ ಏನಂದೆ ಗೊತ್ತೇನು? “ಹುಡುಗಿ ಪರೀಕ್ಷಾ ಒಂದು ಮುಗೀಲಿ” ಅಂದೆ. ಹಂಗಂದೆ ನೋಡ್ರಿ, ಈ ಬಾಯಿಲೇ.

ಪರೀಕ್ಷಾ ಮುಗಿಯೂದ್ರಾಗ ಮುದುಕಿ ಹೋದ್ಲು. ಮುಂದಿನ ವಾರನ ಮೆಟ್ಟಿಲ ಕೆಳಗ ಇಬ್ಬರು ಕೂಲಿಯವರು ಬಾಡಿಗಿಗೆ ಬಂದ್ರು, ಒಬ್ಬಾವ ಹಗಲು ಮಲಗಾಂವ, ಒಬ್ಬಾವ ರಾತ್ರಿ. ಹಾಸಿಗಿ ಒಂದೇ. ನಾ ನೋಡಕೋತ ನಿಂತಿದ್ದೆ, ಆಮಿನಾ ನನ್ನ ಮುಖ ನೋಡದನ ಅಂದ್ಲು, “ಖಾಲಿ ಇಡಾಕ ಬರಂಗಿಲ್ಲ ಟೀಚರ್.” ಆಕಿದು ತಪ್ಪಂತ ನಾ ಅನ್ನಂಗಿಲ್ಲ. ನೌಕರಿ ಮುಗದು ಬಂದೆವು, ಇಷ್ಟು ವರ್ಷ ಆತು, ನಿಮ್ಮವ್ವ ಇವತ್ತಿಗೂ ಎಷ್ಟು ದೊಡ್ಡ ಕಾಟಿದ್ರೂ ಗೋಡಿಗೆ ಹತ್ತಿಕೊಂಡ ಮಲಗ್ತಾಳ. ಆ ಮೂಲಿ ಆ ಮುದುಕೀದಿತ್ತಂತ ಆಕಿಗೆ ನಾ ಹೇಳಿಲ್ಲ.

ಬಸ್ಸಿನ್ಯಾಗ ಯಾರರ ಸರದು ಜಾಗಾ ಕೊಟ್ರ, ಕುಂದರೂಕಿಂತ ಮೊದಲ ಅವರು ಎಲ್ಲಿಗೆ ಸರದ್ರು ನೋಡ್ರಿ. ಅಷ್ಟ.