ದುಬೈಗೆ ಎರಡೂವರೆ ಗಂಟೆ

...ಅಯ್ಯೋ, ಅದಕ್ಕೂ ಅಳ್ತಾರೇನೇ ಮಧುಮತಿ? ಒರೆಸ್ಕೋ ಕಣ್ಣು. ಕಟ್ಟಿದ ಸೂಟ್‌ಕೇಸ್ ಬಿಚ್ತಾಳಂತೆ, ಭಯವಂತೆ, ನಾಳೆ ವಿಮಾನ ಹತ್ತಲ್ಲವಂತೆ! ಅಲ್ಲಿ ದುಬೈನಲ್ಲಿ ನಿನ್ನ ಗಂಡ ಮುತ್ತುರಾಜ ಕೈ ಸುಟ್ಕೊಂಡು ಅನ್ನ ಬೇಯಿಸ್ತಿದ್ದಾನೆ. ನೀನು ಹೋಗದಿದ್ರೆ ಬೇಯಿಸಿ ಹಾಕೋಕೆ ಬೇರೆ ಯಾರಾದ್ರೂ ಸಿಕ್ತಾರೆ, ನೋಡ್ಕೋ! ...ಹಾಂ, ನಕ್ಕೆಯಲ್ಲ!

ಜರಗನಹಳ್ಳೀಲಿ ನಮ್ಮ ಬೀದಿಯಿಂದ ವಿಮಾನ ಹತ್ತಿದೋಳು ಈ ಅಂಜನಮ್ಮ ಒಬ್ಬಳೇ. ಹೋದ ವರ್ಷ ದುಬೈಗೆ ಮಗಳ ಮನೆಗೆ ಹೋಗಿದ್ದೆನಲ್ಲ! ...ಯಾರು, ಎದುರುಮನೆ ಶಾಂತಾದೇವೀನಾ? ಥೂ, ಬಿಡು. ದೆಹಲಿಗೆ ಪ್ಲೇನಲ್ಲಿ ಹೋಗ್ಬಂದೆ ಅಂತ ಅರಿಶಿನ ಕುಂಕುಮಕ್ಕೆ ಕರೆದಲ್ಲೆಲ್ಲ ಹೇಳಿದ್ದೇ ಹೇಳಿದ್ದು. ಮಾರನೇ ದಿನ ಅವಳ ತಾರಸಿ ಮೇಲೆ ಏನು ಒಣಗ್ತಿತ್ತು ಗೊತ್ತಾ? ರೈಲಿನವರು ಕೊಡೋ ದುಪ್ಪಟಿ! ಮೂಲೇಲಿ ಮುದ್ರೆ ಬೇರೆ! ...ಅವಳ ತಾರಸಿಗೆ ನಾನ್ಯಾಕೆ ಹತ್ತಿದ್ದೆ ಅಂತೀಯಾ? ಹಪ್ಪಳ ಒಣಗಿಸೋಕೆ. ಸುಮ್ನಿರು.

ನಿನಗೆ ಬೇಕಾದ್ದು ಎಷ್ಟು ಹೊತ್ತು ಮೇಲಿರಬೇಕು ಅಂತ ತಾನೇ? ಎರಡೂವರೆ ಗಂಟೆ. ಅಷ್ಟೇ ಕಣೇ! ಅಷ್ಟೊತ್ತಿಗೆ ನಿಮ್ಮ ಹುಬ್ಬಳ್ಳಿ ಬಸ್ಸು ತುಮಕೂರು ದಾಟಿ ಟೀಗೆ ನಿಂತಿರುತ್ತೆ. ಕೂತೆ, ಎಲೆ ಅಡಿಕೆ ಹಾಕ್ಕೊಂಡೆ, ಕಣ್ಣು ಮುಚ್ಚಿದೆ... ದುಬೈ ಬಂತು. ಬೀದಿಗೆಲ್ಲ ಖರ್ಜೂರ ಹಂಚಿದ್ದೆ, ನೀನೂ ತಿಂದಿದ್ದೀಯ.

ನಾಲ್ಕು ಗಂಟೇನಾ? ಯಾರು ಹೇಳಿದ್ದು, ಮುತ್ತುರಾಜನಾ? ಅವನಿಗೇನು ಗೊತ್ತು... ಹೋಗಿದ್ದಾನೆ, ಹೌದು. ಆದ್ರೂ! ತೆಗಿ ಟಿಕೆಟ್ಟು. ಬೆಳಿಗ್ಗೆ ಹತ್ತಕ್ಕೆ ಹೊರಡುತ್ತೆ, ಹನ್ನೆರಡೂವರೆಗೆ ಇಳಿಯುತ್ತೆ. ನನ್ನದೂ ಹೀಗೇ ಇತ್ತು. ಅಷ್ಟು ಲೆಕ್ಕ ನನಗೆ ಬರಲ್ವಾ? ...ಏನು? ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಾ? ಇಳಿದ ಕೂಡ್ಲೇ ಎಲ್ಲರೂ ವಾಚು ತಿರುಗಿಸ್ಕೋತಾರಾ?

...ಹೌದಲ್ಲ! ಮರೆತೇಬಿಟ್ಟಿದ್ದೆ. ವಯಸ್ಸಾಯ್ತು ನೋಡು.

ಆಗಿನಿಂದ ಹಲ್ಲು ಬಿಡ್ತಿದ್ದೋಳು, ಈಗೇನು... ಹಾಗೆ ನೋಡ್ಬೇಡ ಕಣೇ ನನ್ನ.

ಬಾಗಿಲು ಮುಂದಕ್ಕೆ ಮಾಡು.

ಬೀದಿಯವರೆಲ್ಲ ಸೇರಿ ಆರತಿ ಎತ್ತಿ, ಹಾರ ಹಾಕಿ, ಆಟೋ ಚಕ್ರದಡಿ ನಿಂಬೆಹಣ್ಣು ಇಟ್ಟು ಕಳಿಸಿದ್ರು. ಏರ್‌ಪೋರ್ಟಿನ ಆ ಗಾಜಿನ ಬಾಗಿಲ ತನಕ ಹೋದೆ. ಅಷ್ಟರಲ್ಲಿ ಯಾವುದೋ ಒಂದು ವಿಮಾನ ಮೇಲೆದ್ದ ಸದ್ದು ಕೇಳಿಸ್ತು ನೋಡು... ಕಾಲು ಅಲ್ಲೇ ನಿಂತುಬಿಡ್ತು. ಅಷ್ಟೆಲ್ಲ ಆರತಿ ಎತ್ತಿಸ್ಕೊಂಡೋಳು ಮಧ್ಯಾಹ್ನದ ಊಟಕ್ಕೆ ವಾಪಸ್ ಬಂದ್ರೆ ಇವರೆಲ್ಲ ಬಿಡ್ತಾರಾ? ಇಲ್ಲೇ ಹತ್ರ ಗೊಟ್ಟಿಗೆರೇಲಿ ತಂಗಿ ಮನೆ ಇದೆಯಲ್ಲ... ಅಲ್ಲೇ ತಿಂಗಳು ತಳ್ಳಿದೆ. ...ನಗು, ನಗು. ಖರ್ಜೂರಾನಾ? ಸಿಟಿ ಮಾರ್ಕೆಟ್ಟು!

ಮೊಮ್ಮಗಳಿಗೆ ಮಾತು ಬಂದಿದೆ ಕಣೇ. ಫೋನಲ್ಲಿ ಅಜ್ಜೀ ಅಂತಾಳೆ. ಇನ್ನೂ ಎತ್ತಿಕೊಂಡಿಲ್ಲ ನಾನು... ಅದಕ್ಕೇ ಹೇಳ್ತಿದ್ದೀನಿ, ನೀನು ಹತ್ತು. ಆ ಬಾಗಿಲ ಹತ್ರ ಮಾತ್ರ ನಿಲ್ಲಬೇಡ, ನಡೀತಾನೇ ಇರು. ತಲುಪಿದ ಮೇಲೆ ಫೋನ್ ಮಾಡಿ, ಒಳಗೆ ಏನೇನಿತ್ತು, ಎಷ್ಟು ಹೊತ್ತು ಎದೆ ಹೊಡ್ಕೊಳ್ತು, ಒಂದೂ ಬಿಡದೆ ನನಗೊಬ್ಬಳಿಗೇ ಹೇಳು.

...ಯಾಕೆ ಅಂದ್ರೆ? ಇನ್ನು ಮುಂದೆ ಈ ಬೀದೀಲಿ ಯಾರು ಹೊರಟ್ರೂ ಧೈರ್ಯ ಹೇಳೋಳು ನಾನೇ ತಾನೇ!